ಕಾಲೇಜಿನ ಕೌನ್ಸೆಲಿಂಗ್‌ನಲ್ಲಿ ಆರೇ ಭೇಟಿಯಂತೆ, ಅಷ್ಟರಲ್ಲಿ ಏನಾಗುತ್ತದೆ? (ಕಾರವಾರ)

ತೋಟದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ವಯಸ್ಸು 19. ಊರು ಶಿರಸಿ ಕಡೆ, ಅಡಿಕೆ ತೋಟದ ಮನೆ. ಇಲ್ಲಿ ಕಾಜುಬಾಗದಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡಿದ್ದೇನೆ.

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಲ್ಯಾಬಿನ ವೈವಾ ನಡೆಯುವಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬಾಯಿ ಒಣಗಿತು, ಎರಡೂ ಕೈ ಜುಮ್ ಎಂದವು. ಉತ್ತರ ಗೊತ್ತಿತ್ತು, ಆದರೆ ಮಾತು ಹೊರಡಲಿಲ್ಲ. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಸ್ವಲ್ಪ ಕಾದು ಮುಂದಿನವರನ್ನು ಕರೆದರು. ಅವರು ಬೈಯಲಿಲ್ಲ, ಏನೂ ಅನ್ನಲಿಲ್ಲ. ಆದರೆ ಅಲ್ಲಿಂದ ಆಚೆ ಲ್ಯಾಬ್ ಇರುವ ದಿನ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸುತ್ತದೆ. ಮೊದಲು ಆ ಲ್ಯಾಬ್ ಒಂದನ್ನೇ ಬಿಡುತ್ತಿದ್ದೆ. ಈಗ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವ ಸರ್ ಕ್ಲಾಸಿಗೂ ಹೋಗುತ್ತಿಲ್ಲ. ರಾತ್ರಿ ಮೂರರವರೆಗೆ ಮೊಬೈಲ್ ನೋಡುತ್ತೇನೆ, ಹಗಲು ಮಲಗುತ್ತೇನೆ. ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿನಲ್ಲಿ ಹೆಸರು ಬಂದಿದೆ.

ಮನೆಯಲ್ಲಿ ಹೇಳಿಲ್ಲ. ಈ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಜಾಸ್ತಿ. ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರು ಸಿಗದೆ ಅಪ್ಪ ಒದ್ದಾಡುತ್ತಿದ್ದಾನೆ. ಆಯಿ ಫೋನ್ ಮಾಡಿದರೆ "ಊಟ ಆತಾ, ಓದ್ತಾ ಇದ್ಯಾ" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಫೀಸು ಕಟ್ಟಿದ್ದು ಸೊಸೈಟಿ ಸಾಲದಲ್ಲಿ. ಅದನ್ನು ನೆನೆದರೆ ಇನ್ನೂ ಹೆದರಿಕೆಯಾಗುತ್ತದೆ.

ನಮ್ಮ ಮೆಂಟರ್ ಮೇಡಂ ಕರೆದು ಮಾತಾಡಿಸಿದರು. ಒಳ್ಳೆಯವರು. ಕಾಲೇಜಿಗೆ ವಾರದಲ್ಲಿ ಎರಡು ದಿನ ಕೌನ್ಸೆಲರ್ ಬರುತ್ತಾರೆ, ಹೋಗು ಅಂದರು. ಒಬ್ಬರಿಗೆ ಒಂದು ಸೆಮಿಸ್ಟರ್‌ಗೆ ಆರು ಭೇಟಿ, ಒಂದೊಂದು 45 ನಿಮಿಷ, ಹಣ ಕೊಡಬೇಕಾಗಿಲ್ಲ.

ಆರು ಭೇಟಿಯಲ್ಲಿ ಏನಾಗುತ್ತದೆ? ನನ್ನ ಕಥೆ ಹೇಳಿ ಮುಗಿಸುವಷ್ಟರಲ್ಲೇ ಅದು ಮುಗಿದು ಹೋಗುವುದಿಲ್ಲವಾ? ಮನೆಗೆ ಫೋನ್ ಮಾಡುತ್ತಾರಾ? ಗುಳಿಗೆ ಕೊಡುತ್ತಾರಾ? ಮುಂದೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಹೊತ್ತಿಗೆ ಇದು ಎಲ್ಲಾದರೂ ಕಾಣುತ್ತದಾ? ಆ ರೂಮು ಲೈಬ್ರರಿ ಬಾಗಿಲ ಎದುರಿಗೇ ಇದೆ, ಯಾರು ಹೋದರೂ ಎಲ್ಲರಿಗೂ ಕಾಣುತ್ತದೆ. ಹೋಗಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ. ಜೀವ ಕಳೆದುಕೊಳ್ಳುವ ಯೋಚನೆ ಏನೂ ಇಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

---

ಕಾಳಿ_ಆಚೆ:

ತಮ್ಮಾ, ನಾನು ಹೋಗಿ ಬಂದವಳು. ನಿನ್ನ ಕಾಲೇಜಲ್ಲ, ಡಿಗ್ರಿ ಕಾಲೇಜು. ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ನನ್ನದು ಹೇಗಾಯಿತು ಅಂತ ಪೂರ್ತಿ ಬರೆಯುತ್ತೇನೆ, ಆಗ ಒಳಗೆ ಏನು ನಡೆಯುತ್ತದೆ ಅನ್ನುವುದು ನಿನಗೆ ತಿಳಿಯುತ್ತದೆ.

ನಮ್ಮ ಮನೆ ಸದಾಶಿವಗಡದಲ್ಲಿ. ಕಾಲೇಜು ಕಾರವಾರ ಪೇಟೆಯಲ್ಲಿ. ಅಂದರೆ ದಿನಾ ಕಾಳಿ ನದಿ ದಾಟಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೇ ಸೇತುವೆ ಕುಸಿದದ್ದು ನಿನಗೆ ನೆನಪಿರಬೇಕು. ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆ ತಂದರು. ಅವತ್ತು ನಾವ್ಯಾರೂ ಸೇತುವೆ ಮೇಲೆ ಇರಲಿಲ್ಲ. ಆದರೂ ಪಕ್ಕದ ಹೊಸ ಸೇತುವೆ ಮೇಲೆ ಬಸ್ ಹತ್ತಿದ ಕೂಡಲೇ ನನಗೆ ಬೆವರು ಕಿತ್ತುಕೊಳ್ಳುತ್ತಿತ್ತು. ಕಣ್ಣು ಮುಚ್ಚಿ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಆಮೇಲೆ ಅದೂ ಆಗದೆ ಕೋಡಿಬಾಗದ ಮಾವಶಿ ಮನೆಯಲ್ಲಿ ಉಳಿದುಕೊಂಡೆ. ಟೆಸ್ಟ್ ಇದೆ ಅಂತ ಮನೆಯಲ್ಲಿ ಹೇಳಿದ್ದೆ. ವಾರಗಟ್ಟಲೆ ಅಲ್ಲೇ ಇದ್ದೆ. ಮನೆ ನದಿಯ ಆಚೆ ದಡದಲ್ಲಿ ಕಾಣುತ್ತದೆ, ಹೋಗಲು ಆಗುವುದಿಲ್ಲ. ಆ ಸಂಕಟ ಯಾರಿಗೆ ಹೇಳುವುದು?

ಮೊದಲ ಭೇಟಿಯಲ್ಲಿ ಅಕ್ಕ (ನಮ್ಮ ಕೌನ್ಸೆಲರ್ ಅಷ್ಟೇನೂ ದೊಡ್ಡವರಲ್ಲ, ಎಲ್ಲರೂ ಹಾಗೇ ಕರೆಯುತ್ತಿದ್ದೆವು) ಒಂದು ಫಾರ್ಮ್ ತುಂಬಿಸಿಕೊಂಡರು. ನಿದ್ದೆ, ಊಟ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಇಂಥದ್ದು ಆಗಿತ್ತಾ, ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದರು. ಗುಟ್ಟಿನ ನಿಯಮ ವಿವರಿಸಿದರು. ಆಮೇಲೆ ಕೇಳಿದ ಪ್ರಶ್ನೆ ಇದು: "ನಾವು ಭೇಟಿಯಾಗುವುದು ಸ್ವಲ್ಪವೇ ಸಲ. ಅದು ಮುಗಿಯುವ ಹೊತ್ತಿಗೆ ಯಾವ ಒಂದು ವಿಷಯ ಬದಲಾಗಿದ್ದರೆ ಬಂದದ್ದು ಸಾರ್ಥಕ ಅನಿಸುತ್ತದೆ?" ನಾನು ಮನೆಗೆ ಹೋಗಿ ಮಲಗಬೇಕು ಅಂದೆ. ಅಷ್ಟು ಹೇಳಿ ಅತ್ತುಬಿಟ್ಟೆ.

ಮುಂದಿನ ಸಲ ಒಂದು ಹಾಳೆಯಲ್ಲಿ ಇಬ್ಬರೂ ಕೂತು ಪಟ್ಟಿ ಮಾಡಿದೆವು. ಹೆದರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಕೋಡಿಬಾಗದ ಕಡೆ ನಿಂತು ಸೇತುವೆ ನೋಡುವುದಕ್ಕೆ ಮೂರು. ಹಗಲು ಹೊತ್ತು ತಂಗಿಯ ಜೊತೆ ರಿಕ್ಷಾದಲ್ಲಿ ದಾಟುವುದಕ್ಕೆ ಆರು. ಬಸ್ಸಿನ ಕಿಟಕಿ ಪಕ್ಕ ಕೂತು ನದಿ ನೋಡುತ್ತಾ ಹೋಗುವುದಕ್ಕೆ ಎಂಟು. ಮಳೆಯಲ್ಲಿ, ಕತ್ತಲಾದ ಮೇಲೆ, ಒಬ್ಬಳೇ ಅಂದರೆ ಹತ್ತು. ಕೆಳಗಿನಿಂದ ಶುರು ಮಾಡಬೇಕು. ಹೆದರಿಕೆ ಏರಿದಾಗ ಓಡಬಾರದು, ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು. ಇಳಿದೇ ಇಳಿಯುತ್ತದೆ ಅಂದರು. ನಾನು ನಂಬಲಿಲ್ಲ. ಹೋಗಿ ನಿಂತೆ. ಇಳಿಯಿತು.

ನಿನಗೆ ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಕೆಲಸದ ಮುಕ್ಕಾಲು ಭಾಗ ಆ ರೂಮಿನ ಹೊರಗೆ ನಡೆಯುತ್ತದೆ. ವಾರಕ್ಕೆ 45 ನಿಮಿಷ ಒಳಗೆ ಮಾತು. ಉಳಿದ ದಿನ ನೀನು ಮಾಡುವುದು. ಕಥೆ ಪೂರ್ತಿ ಹೇಳಿ ಮುಗಿಸಬೇಕಾಗಿಲ್ಲ.

ನಡುವೆ, ಮನೆಯವರು ನನ್ನ ಮದುವೆ ಮಾತು ಎತ್ತಿದ್ದನ್ನೂ ಹೇಳಿದೆ. ಅಕ್ಕ ಕೇಳಿಸಿಕೊಂಡರು, ಬರೆದುಕೊಂಡರು. "ಇದು ದೊಡ್ಡ ವಿಷಯ, ಅರ್ಧ ಬಿಚ್ಚಿ ನಿನ್ನನ್ನು ಹಾಗೇ ಕಳಿಸುವುದು ಸರಿಯಲ್ಲ. ಮೊದಲು ಸೇತುವೆ ದಾಟೋಣ" ಅಂದರು. ಆಗ ಬೇಜಾರಾಗಿತ್ತು. ಈಗ ಅದು ಸರಿ ಅನಿಸುತ್ತದೆ. ಮದುವೆ ವಿಷಯ ಹುಬ್ಬಳ್ಳಿಗೆ ಬಂದ ಮೇಲೆ ಬೇರೊಬ್ಬರ ಹತ್ತಿರ ನಿಧಾನಕ್ಕೆ ಮಾತಾಡಿದೆ.

ಭಾಷೆ ವಿಷಯ ಒಂದು. ಮೊದಲೇ ಕೇಳಿಕೋ, ಕನ್ನಡದಲ್ಲೇ ಮಾತಾಡಬಹುದಾ ಅಂತ. ನಾನು ಕನ್ನಡ, ಜಾಸ್ತಿ ಅಳು ಬಂದಾಗ ಕೊಂಕಣಿ. ಅವರಿಗೆ ಎರಡೂ ಬರುತ್ತಿತ್ತು. ಇಂಗ್ಲಿಷ್‌ನಲ್ಲಿ ಹೇಳಲು ಹೋದರೆ ನಾನು ಸೆಮಿನಾರ್ ಕೊಟ್ಟ ಹಾಗೆ ಮಾತಾಡುತ್ತಿದ್ದೆ.

---

ಅಘನಾಶಿನಿ:

ನಾನು ಕೌನ್ಸೆಲರ್. ಮನೆ ಕುಮಟಾದಲ್ಲಿ. ಕುಮಟಾ, ಹೊನ್ನಾವರದ ಕಾಲೇಜುಗಳಿಗೆ ಹೋಗುತ್ತೇನೆ. ತೋಟದಮನೆಯ ತಮ್ಮಾ, ನೀನು ಬರೆದದ್ದನ್ನು ನಿಧಾನಕ್ಕೆ ಓದಿದೆ. ಮೇಲೆ ತಂಗಿ ಬರೆದದ್ದು ಎಷ್ಟು ಚೆಂದ ಇದೆ. ನಾನು ಉಳಿದ ಪ್ರಶ್ನೆ ಹಿಡಿಯುತ್ತೇನೆ.

ವೈವಾದಲ್ಲಿ ನಿನಗೆ ಆದದ್ದು ಏನು? ನಾನು ನಿನ್ನನ್ನು ನೋಡಿಲ್ಲ, ಹಾಗಾಗಿ ಹೆಸರಿಡುವುದಿಲ್ಲ. ಆದರೆ ದೇಹ ಹೀಗೇ ಮಾಡುತ್ತದೆ. ಅಪಾಯ ಇದೆ ಅನಿಸಿದ ಕೂಡಲೇ ಅಡ್ರಿನಲಿನ್ ಏರುತ್ತದೆ. ಎದೆ ಬಡಿತ ಜೋರಾಗುತ್ತದೆ, ಬಾಯಿ ಒಣಗುತ್ತದೆ. ಉಸಿರು ಬೇಗ ಬೇಗ ಆಡುವುದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಕೈ ಜುಮ್ ಅನ್ನುವುದು, ತಲೆ ಹಗುರವಾಗುವುದು ಅದರಿಂದ. ಈ ಏರಿಕೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಬಹಳ ಹೆದರಿಸುತ್ತದೆ, ನಿಜ. ಆದರೆ ನಿನಗೆ ಬುದ್ಧಿ ಇಲ್ಲ, ಓದಿಲ್ಲ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ಹೆದರಿಕೆ ಬೆಳೆದದ್ದು ಆಮೇಲೆ. ಲ್ಯಾಬ್ ಬಿಟ್ಟ ದಿನ ಹೊಟ್ಟೆ ತೊಳಸುವುದು ನಿಂತಿತು ಅಲ್ವಾ? ಆ ನೆಮ್ಮದಿಯೇ ತೊಂದರೆ. ಬಿಟ್ಟರೆ ಬದುಕಿದೆ ಅಂತ ಮೆದುಳು ಕಲಿಯಿತು. ಮುಂದಿನ ವಾರ ಇನ್ನೂ ಬೇಗ ಹೆದರಿಸಿತು. ಒಂದು ಲ್ಯಾಬ್ ಇದ್ದದ್ದು ಎರಡು ಕ್ಲಾಸ್ ಆಯಿತು. ರಾತ್ರಿ ಮೊಬೈಲೂ ಅದೇ ದಾರಿ, ನಾಳೆ ಬಾರದಿರಲಿ ಅಂತ ರಾತ್ರಿಯನ್ನು ಎಳೆಯುವುದು. ಇದು ಗಟ್ಟಿಯಾಗುವ ಮೊದಲು ಸಿಕ್ಕರೆ ಕೆಲವೇ ಭೇಟಿಗಳಲ್ಲಿ ಬಿಚ್ಚಬಹುದು. ಹಾಗಾಗಿ ನಿನ್ನ ವಿಷಯ ಅಲ್ಪಾವಧಿ ಕೌನ್ಸೆಲಿಂಗ್‌ಗೆ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನಿಸುತ್ತದೆ.

ಆರು ಅನ್ನುವ ಲೆಕ್ಕ ಎಲ್ಲಿಂದ ಬಂತು? ಒಂದು, ಮಕ್ಕಳು ಜಾಸ್ತಿ, ನಾವು ಕಡಿಮೆ. ಇದನ್ನು ಮುಚ್ಚಿಡುವುದು ಬೇಡ. ಇನ್ನೊಂದು, ಸಣ್ಣ ಅವಧಿಗೆಂದೇ ರೂಪಿಸಿದ ವಿಧಾನಗಳು ಇವೆ. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಎಂಬ ದಂಪತಿ ಅಮೆರಿಕದ ಮಿಲ್ವಾಕಿಯಲ್ಲಿ ಪರಿಹಾರ ಕೇಂದ್ರಿತ ವಿಧಾನ ಬೆಳೆಸಿದರು. ತಂಗಿಗೆ ಕೇಳಿದ "ಯಾವ ಒಂದು ವಿಷಯ ಬದಲಾಗಬೇಕು" ಅನ್ನುವಂಥ ಪ್ರಶ್ನೆಗಳು, ಸೊನ್ನೆಯಿಂದ ಹತ್ತರ ಅಂಕ, ಇವೆಲ್ಲ ಆ ವಿಧಾನದಲ್ಲಿ ಬಹಳ ಬಳಕೆ. ಹೆದರಿಕೆಯ ಮೆಟ್ಟಿಲು ಹತ್ತಿಸುವುದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸುವ ಚಿಕಿತ್ಸೆಯ ಕಡೆಯದು. 1986ರಲ್ಲಿ ಮನಶ್ಶಾಸ್ತ್ರಜ್ಞ ಕೆನೆತ್ ಹೋವರ್ಡ್ ಮತ್ತು ಜೊತೆಯವರು ಹಲವು ಹಳೆಯ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಎಂಟನೇ ಭೇಟಿಯ ಹೊತ್ತಿಗೆ ಸುಮಾರು ಅರ್ಧ ಜನರಲ್ಲಿ ಅಳೆಯಬಹುದಾದ ಸುಧಾರಣೆ ಕಂಡಿತ್ತು.

ನಿನ್ನ ಜೊತೆ ಏನು ಮಾಡಬಹುದು? ಬೆಳಿಗ್ಗೆ ಏಳುವ ಹೊತ್ತು ಒಂದನ್ನು ಗಟ್ಟಿ ಮಾಡಿಸುತ್ತೇವೆ, ಮಲಗುವ ಹೊತ್ತು ತಾನಾಗಿ ಹಿಂದೆ ಬರುತ್ತದೆ. ಉಸಿರನ್ನು ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ ಬಿಡುವುದು ಕಲಿಸುತ್ತೇವೆ. ರೂಮಿನ ಗೆಳೆಯ ಎರಡು ಪ್ರಶ್ನೆ ಕೇಳುವುದು, ನೀನು ನಿಂತುಕೊಂಡು ಉತ್ತರಿಸುವುದು. ಆಮೇಲೆ ಖಾಲಿ ಲ್ಯಾಬಿನಲ್ಲಿ. ಆಮೇಲೆ ಮೆಂಟರ್ ಮೇಡಂ ಎದುರು. ಆಮೇಲೆ ನಿಜವಾದ ಲ್ಯಾಬ್ ದಿನ. "ಮಾತು ನಿಂತರೆ ಎಲ್ಲ ಮುಗಿಯಿತು" ಅನ್ನುವ ಯೋಚನೆಯನ್ನು ಎದುರಿಗಿಟ್ಟು, ಅದು ಎಷ್ಟು ನಿಜ ಅಂತ ಕೂತು ನೋಡುತ್ತೇವೆ. "ಸರ್, ಒಂದು ನಿಮಿಷ ಕೊಡಿ" ಅಂತ ಕೇಳುವುದನ್ನು ಬಾಯಿಪಾಠ ಮಾಡಿಸುತ್ತೇನೆ ನಾನು. ಆ ಒಂದು ಮಾತು ಎಷ್ಟೋ ಮಕ್ಕಳನ್ನು ಕಾಪಾಡಿದೆ.

ಮನೆಗೆ ಫೋನ್ ಮಾಡುವ ವಿಷಯ. ನಿನಗೆ 18 ದಾಟಿದೆ. ನಿನ್ನ ಒಪ್ಪಿಗೆ ಇಲ್ಲದೆ ಅಪ್ಪ ಆಯಿಗೆ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ನಾವು ಮಾತು ಒಡೆಯುವ ಸಂದರ್ಭ ಕಡಿಮೆ: ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದಾಗ, ನ್ಯಾಯಾಲಯ ಕೇಳಿದಾಗ, 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದಾಗ. ಇವನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಅವರು ಹೇಳದಿದ್ದರೆ ನೀನೇ ಕೇಳು. ಮೆಂಟರ್ ಮೇಡಂಗೆ ಏನು ಹೇಳುತ್ತೀರಿ, ಬರೆದದ್ದನ್ನು ಎಲ್ಲಿಡುತ್ತೀರಿ, ಯಾರ ಹತ್ತಿರ ಕೀಲಿ ಇದೆ ಅಂತಲೂ ಕೇಳು. ಕೇಳಿದರೆ ಒಳ್ಳೆಯ ಕೌನ್ಸೆಲರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಕೌನ್ಸೆಲಿಂಗ್ ನೋಟ್ಸು ಮಾರ್ಕ್ಸ್‌ಕಾರ್ಡಿನ ಭಾಗ ಅಲ್ಲ, ಪ್ಲೇಸ್‌ಮೆಂಟಿಗೆ ಬರುವ ಕಂಪನಿಯವರಿಗೆ ಕೊಡುವಂಥದ್ದೂ ಅಲ್ಲ.

ಗುಳಿಗೆ ಬರೆಯುವ ಅಧಿಕಾರ ನಮಗಿಲ್ಲ. ಅದು ಮನೋವೈದ್ಯರ ಕೆಲಸ. ಬೇಕು ಅನಿಸಿದರೆ ಕಳಿಸುತ್ತೇವೆ. ಒಂದು ಸಣ್ಣ ಕೆಲಸ ನೀನು ಈಗಲೇ ಮಾಡಬಹುದು: ಸಾಮಾನ್ಯ ವೈದ್ಯರ ಹತ್ತಿರ ಹೋಗಿ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿಕೋ. ಎದೆ ಹೊಡೆದುಕೊಳ್ಳುವುದಕ್ಕೆ ಅವೂ ಕಾರಣ ಇರಬಹುದು. ರಾತ್ರಿ ಓದಲು ಕಾಫಿ ಜಾಸ್ತಿ ಕುಡಿಯುತ್ತಿದ್ದರೆ ಅದನ್ನೂ ಕಡಿಮೆ ಮಾಡು.

---

ಘಟ್ಟದಮೇಲೆ:

ಕೌನ್ಸೆಲರ್ ಮೇಡಂ ಬರೆದದ್ದಕ್ಕೆ ಗೌರವ ಇದೆ. ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನಾನು ಯಲ್ಲಾಪುರದವನು. ಓದಿದ್ದು ಜಿಲ್ಲೆಯ ಹೊರಗೆ ಒಂದು ಕಾಲೇಜಿನಲ್ಲಿ. ಅಲ್ಲಿ ಕೌನ್ಸೆಲರ್ ಅಂದರೆ ಒಬ್ಬ ಲೆಕ್ಚರರ್, ಹೆಚ್ಚುವರಿ ಜವಾಬ್ದಾರಿ. ಬೆಳಿಗ್ಗೆ ನನಗೆ ಇಂಟರ್ನಲ್ಸ್ ಅಂಕ ಕೊಡುವವರ ಎದುರು ಮಧ್ಯಾಹ್ನ ನಾನು ಮನಸ್ಸು ಬಿಚ್ಚಬೇಕು. ಹೇಗೆ ಸಾಧ್ಯ? ನಾನು ಹೇಳಿದ ಮಾತು ಸ್ಟಾಫ್‌ರೂಮಿಗೆ ಹೋಯಿತು. ಮುಂದೆ ಎಷ್ಟು ಕಷ್ಟವಾದರೂ ಯಾರ ಹತ್ತಿರವೂ ಹೋಗಲಿಲ್ಲ.

ಎಂಟನೇ ಭೇಟಿಗೆ ಅರ್ಧ ಜನ ಸುಧಾರಿಸಿದರು ಅಂದರೆ ಇನ್ನರ್ಧ ಜನ ಸುಧಾರಿಸಲಿಲ್ಲ. ಅವರ ಗತಿ ಏನು? ನನ್ನ ಗೆಳತಿಯೊಬ್ಬಳು ತಂದೆ ತೀರಿಹೋಗಿ ಬಹಳ ಕುಗ್ಗಿದ್ದಳು. ಭೇಟಿ ಮುಗಿದ ಕೂಡಲೇ "ಮುಂದಿನ ಸೆಮಿಸ್ಟರ್ ಬಾ" ಅಂದರು. ನಡುವೆ ಇಡೀ ರಜೆ. ಆ ಹುಡುಗಿ ಆಗಷ್ಟೇ ಮಾತಾಡಲು ಶುರು ಮಾಡಿದ್ದಳು. ಇದು ತಪ್ಪು. ನನಗೆ ಇವತ್ತಿಗೂ ಸಿಟ್ಟಿದೆ.

ಹಾಗಾಗಿ ತಮ್ಮಾ, ಹೋಗು. ಆದರೆ ಮೊದಲ ದಿನವೇ ಎರಡು ಮಾತು ಕೇಳು. ನೀವು ಇದನ್ನೇ ಓದಿದವರಾ, ನಮಗೆ ಪಾಠ ಮಾಡುತ್ತೀರಾ? ಆರು ಮುಗಿದ ಮೇಲೂ ಬೇಕಾದರೆ ನನ್ನನ್ನು ಎಲ್ಲಿಗೆ ಕಳಿಸುತ್ತೀರಿ?

---

ಅಘನಾಶಿನಿ:

ಘಟ್ಟದಮೇಲೆ, ನಿಮ್ಮ ಸಿಟ್ಟು ನ್ಯಾಯವಾದದ್ದು. ಅಂಕ ಕೊಡುವವರು ಕೌನ್ಸೆಲರ್ ಆಗಬಾರದು. ನಾನು ಕಾಲೇಜಿನ ಸಭೆಗಳಲ್ಲಿ ಇದನ್ನು ಹೇಳುತ್ತಲೇ ಇದ್ದೇನೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಕನಿಷ್ಠ ಒಬ್ಬರು ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಂಡಿರಬೇಕು. ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ನಂಬರನ್ನು ಹಾಸ್ಟೆಲ್‌ನಲ್ಲಿ, ಕ್ಲಾಸಿನಲ್ಲಿ ಎದ್ದು ಕಾಣುವಂತೆ ಹಾಕಬೇಕು. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಕೇಳಿ. ಪ್ರಾಂಶುಪಾಲರಿಗೆ ಬರೆದು ಕೊಡಿ.

ಅರ್ಧ ಜನರ ಪ್ರಶ್ನೆಯೂ ಸರಿ. ಅದೇ ಲೆಕ್ಕದಲ್ಲಿ ಮುಕ್ಕಾಲು ಪಾಲು ಜನ ಸುಧಾರಿಸಲು 26 ಭೇಟಿ ಹಿಡಿಯಿತು. ಹಾಗಾಗಿ ಕೆಲವರಿಗೆ ಆರು ಭೇಟಿ ಅಂದರೆ ಬಾಗಿಲು ಮಾತ್ರ. ಯಾರೂ ಇಲ್ಲದಾಗ ಮಾತು ಕೇಳಿಸುವುದು, ಊಟ ನಿದ್ದೆ ಪೂರ್ತಿ ಕೆಟ್ಟ ಖಿನ್ನತೆ, ನಾಲ್ಕು ದಿನ ನಿದ್ದೆಯಿಲ್ಲದೆ ವಿಪರೀತ ಉತ್ಸಾಹ, ಕುಡಿತ ಅಥವಾ ಗಾಂಜಾ ಬಿಡಲಾಗದ ಸ್ಥಿತಿ, ಬಾಲ್ಯದ ದೌರ್ಜನ್ಯದ ಗಾಯ. ಇವುಗಳನ್ನು ಆರರಲ್ಲಿ ಮುಗಿಸುತ್ತೇನೆ ಎಂದು ಯಾರೂ ಹೇಳಬಾರದು. ಮೊದಲ ಎರಡು ಭೇಟಿಯಲ್ಲೇ ಗುರುತಿಸಿ ದಾರಿ ತೋರಿಸಬೇಕು. ನಿಮ್ಮ ಗೆಳತಿಗೆ ಆಗಬೇಕಿದ್ದದ್ದು ಅದೇ. ಕೊನೆಯ ಭೇಟಿಗೆ ಮೊದಲೇ ಮುಂದಿನವರ ಹೆಸರು, ದಿನ, ಹೊತ್ತು ಕೈಗೆ ಸಿಕ್ಕಿರಬೇಕಿತ್ತು. ಆ ಮಗು ಈಗ ಹೇಗಿದ್ದಾಳೋ, ಚೆನ್ನಾಗಿರಲಿ.

ನಮ್ಮ ಜಿಲ್ಲೆಯಲ್ಲಿ ದಾರಿ ಯಾವುದು ಅಂತ ಕೇಳಿದರೆ: ಕಾರವಾರದಲ್ಲಿ ಕ್ರಿಮ್ಸ್ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಮನೋವೈದ್ಯ ವಿಭಾಗ ಇದೆ. ಊರ ಕಡೆ ಇದ್ದರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಸರ್ಕಾರ ಮಾಡಿದೆ. ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಯಾವ ಮಂಗಳವಾರ ಅಂತ ಕೇಳಿಕೊಳ್ಳಿ. ಇನ್ನೂ ದೊಡ್ಡದು ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ. ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಹಣ ಇಲ್ಲ, ಕನ್ನಡದಲ್ಲಿ ಮಾತಾಡಬಹುದು. ರಜೆಯಲ್ಲಿ ಊರಿಗೆ ಹೋದ ಮಕ್ಕಳಿಗೆ ನಾನು ಇದನ್ನೇ ಬರೆದು ಕೊಡುತ್ತೇನೆ.

---

ಬೈತಖೋಲ_ಬಂದರು:

ನಾನು ತಂದೆ. ನಮ್ಮದು ದೋಣಿ ಕೆಲಸ. ನನ್ನ ಮಗ ಪಿಯುಸಿ ಮುಗಿಸಿ ಹೊರ ಊರಿನ ಹಾಸ್ಟೆಲ್ಲಿಗೆ ಹೋದ ವರ್ಷ ಮಾತು ಬಿಟ್ಟಿದ್ದ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ನಾನು ಮನೆಯಲ್ಲೇ ಇರುತ್ತೇನೆ. ಆಗ ಅವನೂ ರಜೆಗೆ ಬಂದಿದ್ದ. ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿರುವುದು ಕಣ್ಣಿಗೆ ಬಿತ್ತು. ಏನು ಕೇಳಬೇಕು ಅಂತ ಗೊತ್ತಾಗದೆ ನಾನೇ 14416ಕ್ಕೆ ಫೋನ್ ಹಚ್ಚಿದೆ. ತಂದೆ ತಾಯಿಯೂ ಮಾಡಬಹುದು. ಆ ಕಡೆಯ ಹುಡುಗಿ ಬಹಳ ತಾಳ್ಮೆಯಿಂದ ಮಾತಾಡಿದಳು. "ಯಾಕೆ ಹೀಗಿದ್ದೀಯ ಅಂತ ಕೇಳಬೇಡಿ. ಪಕ್ಕ ಕೂತು, ನಿನಗೆ ಕಷ್ಟ ಆಗುತ್ತಿರುವುದು ನನಗೆ ಕಾಣುತ್ತಿದೆ ಅನ್ನಿ" ಅಂದಳು. ಅಷ್ಟೇ ಅಂದೆ. ಮಗ ಎದ್ದು ಕೂತ.

ಮಗಾ, ನಿನ್ನ ಅಪ್ಪನಿಗೆ ಹೇಳು ಅಂತ ನಾನು ಒತ್ತಾಯ ಮಾಡುವುದಿಲ್ಲ. ಅದು ನಿನ್ನ ಇಷ್ಟ. ಆದರೆ ಒಂದು ತಿಳಿದುಕೋ. ಬೆಳೆ ಹೋದ ವರ್ಷ, ಮೀನು ಬಾರದ ವರ್ಷ ನಾವು ನೋಡಿದ್ದೇವೆ. ಅದನ್ನು ತಡೆಯುತ್ತೇವೆ. ಮಗ ಒಳಗೊಳಗೇ ಕೊರಗಿದ್ದು ಆಮೇಲೆ ತಿಳಿಯುವುದನ್ನು ತಡೆಯಲು ಆಗುವುದಿಲ್ಲ. ಫೀಸು, ಸಾಲ ಅಂತ ನೀನು ನಿನ್ನ ಮನಸ್ಸಿನಲ್ಲಿ ನಡೆಸುವ ಲೆಕ್ಕವನ್ನು ನಿನ್ನ ಅಪ್ಪ ನಡೆಸುತ್ತಿಲ್ಲ.

---

ತೋಟದಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿಯೇ ಎಲ್ಲ ಓದಿದೆ, ಬೆಳಿಗ್ಗೆ ಮತ್ತೆ ಓದಿದೆ. ಬೈತಖೋಲದ ಅಣ್ಣಾ, ನಿಮ್ಮ ಮಾತಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಚೌತಿಗೆ ಊರಿಗೆ ಹೋಗುತ್ತೇನೆ. ಆಗ ಆಯಿ ಹತ್ತಿರ ಮೊದಲು ಹೇಳೋಣ ಅಂತಿದ್ದೇನೆ.

ಇವತ್ತು ಕಾಲೇಜಿಗೆ ಹೋಗಿ ಗುರುವಾರಕ್ಕೆ ಹೊತ್ತು ತೆಗೆದುಕೊಂಡೆ. ಬರುವ ಕೌನ್ಸೆಲರ್ ನಮಗೆ ಪಾಠ ಮಾಡುವವರಲ್ಲ, ಹೊರಗಿನವರು. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು. ಲೈಬ್ರರಿ ಎದುರಿನ ರೂಮಿನ ಬಗ್ಗೆ ಮೆಂಟರ್ ಮೇಡಂಗೆ ಹೇಳಿದೆ. ಸಂಜೆ ನಾಲ್ಕೂವರೆ ಮೇಲೆ ಆ ಕಡೆ ಯಾರೂ ಇರುವುದಿಲ್ಲ, ಆ ಹೊತ್ತೇ ತಗೋ ಅಂದರು.

ಇನ್ನು ಎರಡು ಅನುಮಾನ. "ಒಂದು ವಿಷಯ" ಯಾವುದು ಅಂತ ಹೇಗೆ ಆರಿಸುವುದು? ನನಗೆ ವೈವಾ, ನಿದ್ದೆ, ಮನೆ ಸಾಲ ಎಲ್ಲ ಗಂಟು ಬಿದ್ದಿದೆ. ಮತ್ತೆ, ಅಲ್ಲಿ ಹೋಗಿ ಕೂತಾಗಲೂ ವೈವಾದ ಹಾಗೆ ಮಾತು ನಿಂತುಹೋದರೆ?

---

ಅಘನಾಶಿನಿ:

ಗಂಟು ಬಿಡಿಸಿಕೊಂಡು ಹೋಗಬೇಕಾಗಿಲ್ಲ, ಗಂಟು ಹಾಗೇ ತಗೊಂಡು ಹೋಗು. ಆರಿಸುವುದು ಇಬ್ಬರ ಕೆಲಸ. ನಾನಾದರೆ ಯಾವುದು ಸ್ವಲ್ಪ ಸಡಿಲಾದರೆ ಉಳಿದದ್ದೂ ಸಡಿಲಾಗುತ್ತದೆ ಅಂತ ನೋಡುತ್ತೇನೆ. ಸಾಲವನ್ನು ಆ ರೂಮಿನಲ್ಲಿ ತೀರಿಸಲಾಗುವುದಿಲ್ಲ. ನೀನು ಲ್ಯಾಬಿಗೆ ಹೋಗುವಂತಾದರೆ ಶಾರ್ಟೇಜ್ ತಪ್ಪುತ್ತದೆ, ಶಾರ್ಟೇಜ್ ತಪ್ಪಿದರೆ ಸಾಲದ ಹೆದರಿಕೆಗೂ ಸ್ವಲ್ಪ ಕಡಿವಾಣ ಬೀಳುತ್ತದೆ. ಇದು ನನ್ನ ಊಹೆ. ಅಲ್ಲಿ ಕೂತಾಗ ನಿನಗೆ ಬೇರೆಯೇ ಮುಖ್ಯ ಅನಿಸಿದರೆ ಅದನ್ನೇ ಹಿಡಿ.

ಮಾತು ನಿಂತರೆ ನಿಲ್ಲಲಿ. ಅಲ್ಲಿ ಅಂಕ ಇಲ್ಲ. ಸುಮ್ಮನೆ ಕೂತರೂ ಯಾರೂ ಮುಂದಿನವರನ್ನು ಕರೆಯುವುದಿಲ್ಲ. ನೀನು ಮೇಲೆ ಬರೆದ ಪ್ರಶ್ನೆ ಇದೆಯಲ್ಲ, ಅದನ್ನೇ ಮೊಬೈಲಿನಲ್ಲಿ ತೆಗೆದು ಅವರ ಕೈಗೆ ಕೊಡು. ಮೊದಲ ಭೇಟಿಗೆ ಬೇಕಾದ ಮುಕ್ಕಾಲು ಪಾಲು ಅದರಲ್ಲೇ ಇದೆ.

---

ಕಾಳಿ_ಆಚೆ:

ಗುರುವಾರ ಲ್ಯಾಬ್ ಇದ್ದರೆ ಅದನ್ನು ತಪ್ಪಿಸಿ ಕೌನ್ಸೆಲಿಂಗ್‌ಗೆ ಹೋಗಬೇಡ ತಮ್ಮಾ, ಬೇರೆ ಹೊತ್ತು ಕೇಳು. ಭೇಟಿ ಮುಗಿದ ಕೂಡಲೇ ರೂಮಿಗೆ ಓಡಿ ಮಲಗಬೇಡ, ಟಾಗೋರ್ ಬೀಚಿನ ಕಡೆ ನಡೆದು ಬಾ. ಅವರು ಹೇಳಿದ್ದನ್ನು ಅವತ್ತೇ ಒಂದು ಪುಸ್ತಕದಲ್ಲಿ ಬರೆದಿಡು, ಮುಂದಿನ ವಾರದ ಹೊತ್ತಿಗೆ ಅರ್ಧ ಮರೆತಿರುತ್ತದೆ. ಎರಡು ಭೇಟಿ ಆದ ಮೇಲೂ ಈ ಅಕ್ಕನ ಅಥವಾ ಅಣ್ಣನ ಜೊತೆ ಹೊಂದುತ್ತಿಲ್ಲ ಅನಿಸಿದರೆ ಮೆಂಟರ್ ಮೇಡಂಗೆ ಹೇಳು, ಬೇರೆಯವರನ್ನು ಕೇಳುವುದು ತಪ್ಪಲ್ಲ. ಗುರುವಾರ ಆದ ಮೇಲೆ ಇಲ್ಲಿ ಒಂದು ಸಾಲು ಬರೆ, ನಾನು ನೋಡುತ್ತಿರುತ್ತೇನೆ.